ಹುಟ್ಟುಬಲವೋ ಗುರುಬಲವೋ

ಧ್ಯಾನ್‌ಚಂದರ ಸ್ಟಿಕ್ಕನ್ನು ಮುರಿದು ನೋಡಿದ ಕಥೆ ಹಾಕಿ ಗೊತ್ತಿಲ್ಲದವರಿಗೂ ಗೊತ್ತು. ಹಾಲೆಂಡಿನಲ್ಲಿ ಆಡುವಾಗ ಚೆಂಡು ಅವರ ಸ್ಟಿಕ್ಕಿಗೆ ಅಂಟಿಕೊಂಡಂತೆ ಓಡುತ್ತಿದ್ದುದನ್ನು ಕಂಡ ಅಧಿಕಾರಿಗಳು, ಒಳಗೆ ಅಯಸ್ಕಾಂತ ಇರಲೇಬೇಕೆಂದು ಶಂಕಿಸಿ ಸ್ಟಿಕ್ಕನ್ನು ಮುರಿಸಿದರಂತೆ. ಕಥೆ ಏನೇ ಇರಲಿ, ಅದರೊಳಗಿನ ವಿಜ್ಞಾನ ಮಾತ್ರ ತಪ್ಪು. ಆ ಕಾಲದ ಹಾಕಿ ಚೆಂಡಿನೊಳಗೆ ಇದ್ದುದು ಕಾರ್ಕು ಮತ್ತು ದಾರ, ಮೇಲೆ ತೊಗಲಿನ ಹೊದಿಕೆ. ಸ್ಟಿಕ್ಕಿನಲ್ಲಿ ಎಷ್ಟೇ ಬಲವಾದ ಅಯಸ್ಕಾಂತ ಅಡಗಿಸಿದ್ದರೂ ಅದು ತೊಗಲನ್ನು ಸೆಳೆಯುವುದಿಲ್ಲ ಎಂಬುದನ್ನು ಎಂಟನೆಯ ತರಗತಿಯ ಹುಡುಗನೂ ಹೇಳಬಲ್ಲ.

ಆದರೂ ಈ ಕಥೆ ಮುಕ್ಕಾಲು ಶತಮಾನದಿಂದ ಬಾಯಿಂದ ಬಾಯಿಗೆ ಹರಿದು ಬಂದಿದೆ. ಏಕೆಂದರೆ ಜನರಿಗೆ ಅಯಸ್ಕಾಂತವೆಂದರೆ ಇಷ್ಟ. ಬೇರೆಯವರಲ್ಲಿ ಇಲ್ಲದ ಏನೋ ಒಂದು ಈತನೊಳಗೆ ಹುಟ್ಟುವಾಗಲೇ ಸೇರಿಕೊಂಡಿದೆ ಎಂದು ನಂಬಿಬಿಟ್ಟರೆ ಲೆಕ್ಕ ಸುಲಭವಾಗಿ ಮುಗಿಯುತ್ತದೆ. ಮಗ ಚೆನ್ನಾಗಿ ಆಡಿದರೆ 'ಹುಟ್ಟುಗುಣ', ಆಡದಿದ್ದರೆ 'ಅವನ ಹಣೆಯಲ್ಲಿ ಬರೆದಿಲ್ಲ'. ತಂದೆಗೂ ಕೆಲಸವಿಲ್ಲ, ಮೇಷ್ಟರಿಗೂ ಕೆಲಸವಿಲ್ಲ.

ಧ್ಯಾನ್‌ಚಂದರ ಜೀವನವನ್ನೇ ತೆಗೆದು ನೋಡಿದರೆ ಈ ಲೆಕ್ಕ ಕೂಡುವುದಿಲ್ಲ. 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿದ ಈ ಹುಡುಗನಿಗೆ ಬಾಲ್ಯದಲ್ಲಿ ಒಲವಿದ್ದುದು ಕುಸ್ತಿಯ ಮೇಲೆ. ಹದಿನಾರನೆಯ ವಯಸ್ಸಿನಲ್ಲಿ, 1922ರಲ್ಲಿ, ಸಿಪಾಯಿಯಾಗಿ ಸೈನ್ಯಕ್ಕೆ ಸೇರುವವರೆಗೆ ಹಾಕಿಯನ್ನು ಗಂಭೀರವಾಗಿ ಆಡಿದವರೇ ಅಲ್ಲ. ಅಲ್ಲಿ ಅವರ ಕೈಗೆ ಸ್ಟಿಕ್ ಕೊಟ್ಟು ಮೊದಲ ಪಾಠ ಹೇಳಿದವರು ಸುಬೇದಾರ್ ಮೇಜರ್ ಬಾಲೆ ತಿವಾರಿ. ಆರು ವರ್ಷಗಳ ನಂತರ, 1928ರಲ್ಲಿ, ಆ ಸಿಪಾಯಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದ ತಂಡದಲ್ಲಿದ್ದ. 1932ರಲ್ಲಿ ಲಾಸ್ ಏಂಜಲೀಸ್, 1936ರಲ್ಲಿ ಬರ್ಲಿನ್. ಬರ್ಲಿನ್ ಫೈನಲ್‌ನಲ್ಲಿ ಜರ್ಮನಿಯನ್ನು 8–1ರಿಂದ ಸೋಲಿಸಿದಾಗ ಆತನೇ ನಾಯಕ. ಧ್ಯಾನ್‌ಚಂದರಂಥವರು ಶತಮಾನಕ್ಕೊಬ್ಬರು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ರೆಜಿಮೆಂಟಿನಲ್ಲಿ ಆ ಸುಬೇದಾರ್ ಇಲ್ಲದೆ ಹೋಗಿದ್ದರೆ ಆ ಶತಮಾನದ ಪ್ರತಿಭೆ ಯಾವುದೋ ಗರಡಿಯ ಮಣ್ಣಿನಲ್ಲಿ ಉಳಿದುಬಿಡುತ್ತಿತ್ತೋ ಏನೋ. ಬಾಲೆ ತಿವಾರಿಯ ಹೆಸರು ಮಾತ್ರ ಎಷ್ಟು ಜನರ ನೆನಪಿನಲ್ಲಿದೆ?

1928ರಿಂದ 1956ರವರೆಗೆ ಭಾರತ ಸತತವಾಗಿ ಆರು ಒಲಿಂಪಿಕ್ ಚಿನ್ನ ಗೆದ್ದಿತು. 'ಹಾಕಿ ನಮ್ಮ ರಕ್ತದಲ್ಲಿದೆ' ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲೇ. ರಕ್ತದಲ್ಲೇ ಇದ್ದ ಮೇಲೆ ಕಲಿಸುವುದೇನು ಬಂತು! ಜಲಂಧರದ ಬಳಿಯ ಸಂಸಾರ್‌ಪುರ್ ಎಂಬ ಹಳ್ಳಿಯೊಂದೇ ಹನ್ನೆರಡಕ್ಕೂ ಹೆಚ್ಚು ಒಲಿಂಪಿಯನ್ನರನ್ನು ಕೊಟ್ಟಿತು. ಅದೇ ಹಳ್ಳಿಯ ಅಜಿತ್‌ಪಾಲ್ ಸಿಂಗ್ ನಾಯಕತ್ವದಲ್ಲಿ 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಿತು; ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 2–1. ಗೆಲುವಿನ ಗೋಲು ಹೊಡೆದ ಅಶೋಕ್ ಕುಮಾರ್ ಧ್ಯಾನ್‌ಚಂದರ ಮಗ. ರಕ್ತದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಮುಂದಿನ ವರ್ಷ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್. ನಾಯಕ ಅದೇ ಅಜಿತ್‌ಪಾಲ್. ಆಸ್ಟ್ರೇಲಿಯಾ ಎದುರು 1–6ರ ಸೋಲು, ಕೊನೆಗೆ ಏಳನೆಯ ಸ್ಥಾನ. ಒಂದೇ ವರ್ಷದಲ್ಲಿ ರಕ್ತ ಬದಲಾಗಲು ಸಾಧ್ಯವಿಲ್ಲ. ಬದಲಾದದ್ದು ನೆಲ. ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದ್ದು ಅಲ್ಲೇ.

ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ಸಹಜ ಹುಲ್ಲಿನ ಮೇಲೆ ಚೆಂಡಿಗೆ ಘರ್ಷಣೆ ಹೆಚ್ಚು, ನೆಲವೂ ಏರುತಗ್ಗು. ದೂರದಿಂದ ಬಂದ ಚೆಂಡು ಎಲ್ಲಿ ಪುಟಿಯುತ್ತದೆ ಎಂಬುದು ಹೊಡೆದವನಿಗೂ ಗೊತ್ತಿಲ್ಲ, ತಡೆಯುವವನಿಗೂ ಗೊತ್ತಿಲ್ಲ. ಅಂಥ ನೆಲದಲ್ಲಿ ಮಣಿಕಟ್ಟಿನ ಚಳಕವಿದ್ದವನೇ ರಾಜ. ಚೆಂಡನ್ನು ಸ್ಟಿಕ್ಕಿನ ಬಳಿಯೇ ಇಟ್ಟುಕೊಂಡು, ಎಡಕ್ಕೆ ಬಲಕ್ಕೆ ಆಡಿಸುತ್ತ, ಹತ್ತಿರದ ಜೊತೆಗಾರನಿಗೆ ಸಣ್ಣ ಸಣ್ಣ ಪಾಸು ಕೊಡುತ್ತ ಮುಂದೆ ಹೋಗುವುದು ಭಾರತದ ಮತ್ತು ಪಾಕಿಸ್ತಾನದ ಶೈಲಿ. ಕೃತಕ ಅಂಕಣ ಸಮತಟ್ಟು. ಅದಕ್ಕೆ ನೀರು ಹಾಯಿಸಿದರೆ ಘರ್ಷಣೆ ಇನ್ನಷ್ಟು ಇಳಿಯುತ್ತದೆ. ನಲವತ್ತು ಮೀಟರ್ ದೂರದಿಂದ ಹೊಡೆದ ಚೆಂಡು ಗೆರೆ ಎಳೆದಂತೆ ಬರುತ್ತದೆ. ಸಾಧಾರಣ ಆಟಗಾರನೂ ಅದನ್ನು ಒಂದೇ ಏಟಿಗೆ ನಿಲ್ಲಿಸಬಲ್ಲ. ಚಳಕದಿಂದ ಮೂವರನ್ನು ದಾಟಿ ಹೋಗುವ ಹೊತ್ತಿಗೆ ಎದುರಾಳಿ ಎರಡು ಉದ್ದದ ಪಾಸಿನಲ್ಲಿ ಗೋಲಿನ ಮುಂದಿರುತ್ತಾನೆ. ಚೆಂಡಿನ ಹಿಂದೆ ಓಡುವ ದೂರ ಹೆಚ್ಚಿತು, ಓಟದ ವೇಗ ಹೆಚ್ಚಿತು, ಬೆನ್ನು ಬಗ್ಗಿಸಿ ನಿಲ್ಲುವ ರೀತಿಯೇ ಬೇರೆಯಾಯಿತು. ಯುರೋಪಿನ ಕ್ಲಬ್ಬುಗಳು ಬೇಗ ಬೇಗ ಈ ನೆಲ ಹಾಸಿಕೊಂಡವು. ಭಾರತದ ಹುಡುಗ ಮಾತ್ರ ಶಾಲೆಯ ಮಣ್ಣಿನ ಮೈದಾನದಲ್ಲಿ ಹದಿನೆಂಟು ವರ್ಷದವರೆಗೆ ಆಡಿ, ರಾಷ್ಟ್ರೀಯ ಶಿಬಿರಕ್ಕೆ ಬಂದ ಮೇಲೆ ಕೃತಕ ಹುಲ್ಲಿನ ಮೇಲೆ ಮತ್ತೆ ಅ ಆ ಇ ಈ ತಿದ್ದಬೇಕಾಗಿತ್ತು. ಊರ ಕೆರೆಯಲ್ಲಿ ಈಜು ಕಲಿತವನನ್ನು ಕಡಲಿಗೆ ತಳ್ಳಿದ ಹಾಗೆ.

1980ರಲ್ಲಿ ಮಾಸ್ಕೋದಲ್ಲಿ ಇನ್ನೊಂದು ಚಿನ್ನ ಬಂತು ನಿಜ, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಅನೇಕ ಪ್ರಬಲ ತಂಡಗಳು ಬಹಿಷ್ಕಾರದಿಂದ ದೂರ ಉಳಿದಿದ್ದ ಒಲಿಂಪಿಕ್ಸ್ ಅದು. ಆಮೇಲೆ ನಲವತ್ತೊಂದು ವರ್ಷ ಪದಕವಿಲ್ಲ. 2008ರ ಬೀಜಿಂಗ್‌ಗೆ ಅರ್ಹತೆಯೇ ಸಿಗಲಿಲ್ಲ, 2012ರ ಲಂಡನ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಈ ನಲವತ್ತು ವರ್ಷಗಳಲ್ಲಿ ದೇಶದಲ್ಲಿ ಪ್ರತಿಭೆಗೆ ಬರವಿತ್ತೇ? ಮೊಹಮ್ಮದ್ ಶಾಹಿದ್ ಆಡಿದ್ದು, ಧನರಾಜ್ ಪಿಳ್ಳೈ ಆಡಿದ್ದು ಇದೇ ಅವಧಿಯಲ್ಲಿ. ಅವರ ಕೈಯಲ್ಲಿ ಚೆಂಡಿದ್ದಾಗ ಎದುರಾಳಿ ದೇಶದ ಜನರೂ ಎದ್ದು ನಿಲ್ಲುತ್ತಿದ್ದರು.

ಹಾಗಾದರೆ ಕೋಚ್ ಎಂಬುವನು ನಿಜವಾಗಿ ಮಾಡುವುದೇನು? ಪೋಷಕರ ಕಿವಿಗೆ 'ಕೋಚಿಂಗ್' ಎಂದರೆ ಈಗ ಬೆಳಗಿನ ಐದೂವರೆಗೆ ಶುರುವಾಗುವ ಸಿಇಟಿ ತರಗತಿ. ಹಾಕಿಯ ಕೋಚಿಂಗ್ ಎಂದರೆ ಸೀಟಿ ಊದುವುದು, ಮೈದಾನಕ್ಕೆ ನಾಲ್ಕು ಸುತ್ತು ಓಡಿಸುವುದು ಎಂದು ಅನೇಕರ ಭಾವನೆ. ಒಂದೇ ಒಂದು ಸಂದರ್ಭವನ್ನು ಬಿಡಿಸಿ ನೋಡಿದರೆ ಅದರ ಆಳ ಗೊತ್ತಾಗುತ್ತದೆ. ಆ ಸಂದರ್ಭ ಪೆನಾಲ್ಟಿ ಕಾರ್ನರ್.

ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಅದರ ಮುಂದಿನ ಅರ್ಧವೃತ್ತದ ಅಂಚು ಗೋಲುಗೆರೆಯಿಂದ 14.63 ಮೀಟರ್ ದೂರ. ಪೆನಾಲ್ಟಿ ಕಾರ್ನರ್‌ನಲ್ಲಿ ಒಬ್ಬ ಗೋಲುಗೆರೆಯ ಬದಿಯಿಂದ ಚೆಂಡನ್ನು ತಳ್ಳುತ್ತಾನೆ, ಅರ್ಧವೃತ್ತದ ಹೊರಗೆ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಅದನ್ನು ಸ್ಟಿಕ್ಕಿನ ಬುಡದಲ್ಲಿ ಎಳೆದು ತಂದು ಕವಣೆಯಂತೆ ಎಸೆಯುತ್ತಾನೆ. ಇದೇ ಡ್ರ್ಯಾಗ್ ಫ್ಲಿಕ್. ಒಳ್ಳೆಯ ಫ್ಲಿಕ್ಕರನ ಚೆಂಡು ಗಂಟೆಗೆ ನೂರು ಕಿಲೋಮೀಟರ್ ಮೀರುತ್ತದೆ. ಲೆಕ್ಕ ಸುಲಭವಾಗಲೆಂದು 108 ಎಂದು ಹಿಡಿಯೋಣ. ಅಂದರೆ ಸೆಕೆಂಡಿಗೆ 30 ಮೀಟರ್. ಸುಮಾರು 14 ಮೀಟರ್ ದೂರವನ್ನು ಅದು ಕ್ರಮಿಸಲು ಬೇಕಾದ ಕಾಲ 0.47 ಸೆಕೆಂಡ್. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಸ್ನಾಯುವಿಗೆ ಆಜ್ಞೆ ಕಳಿಸಲು ಮನುಷ್ಯನಿಗೆ 0.2 ಸೆಕೆಂಡ್ ಹತ್ತಿರ ಹತ್ತಿರ ಬೇಕು. ಉಳಿದದ್ದು ಕಾಲು ಸೆಕೆಂಡ್. ಅಷ್ಟರಲ್ಲಿ, ಮೈತುಂಬ ಕವಚ ಕಟ್ಟಿಕೊಂಡ ಗೋಲ್‌ಕೀಪರ್ ತನ್ನ ಎರಡೂ ಬದಿಗೆ 1.83 ಮೀಟರ್ ಅಗಲವನ್ನು ಕಾಯಬೇಕು.

ಚೆಂಡು ಹೊರಟ ಮೇಲೆ ನೋಡಿ ಹಾರುತ್ತೇನೆ ಎನ್ನುವ ಗೋಲ್‌ಕೀಪರನಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಚೆಂಡು ಹೊರಡುವ ಮೊದಲೇ ಓದಬೇಕು: ಫ್ಲಿಕ್ಕರನ ಎಡಗಾಲು ಎಲ್ಲಿ ಊರಿತು, ಭುಜ ಎತ್ತ ತಿರುಗಿತು, ಚೆಂಡನ್ನು ಎಷ್ಟು ದೂರ ಎಳೆದ, ಸ್ಟಿಕ್ಕಿನ ಮುಖ ತೆರೆದಿದೆಯೋ ಮುಚ್ಚಿದೆಯೋ. ಎದುರಾಳಿಯ ಹಳೆಯ ಆಟಗಳ ವೀಡಿಯೋ ಹಾಕಿ, ನಿಲ್ಲಿಸಿ ನಿಲ್ಲಿಸಿ ಇದನ್ನು ತೋರಿಸುವುದು ಕೋಚ್‌ನ ಕೆಲಸ. ಗೋಲುಗೆರೆಯಿಂದ ಮೊದಲು ಜಿಗಿದು ಫ್ಲಿಕ್ಕರನ ಮೇಲೆ ಓಡುವವನು ಯಾವ ಕಡೆಯ ಗುರಿಯನ್ನು ತನ್ನ ಮೈಯಿಂದ ಮುಚ್ಚಬೇಕು, ಆಗ ಗೋಲ್‌ಕೀಪರ್ ಯಾವ ಕಡೆ ನೋಡಿಕೊಂಡರೆ ಸಾಕು ಎಂದು ಹಂಚಿಕೊಡುವುದೂ ಅವನದೇ. ದಾಳಿಯ ಕಡೆಯಿಂದ ನೋಡಿದರೆ, ತಳ್ಳುವವನು, ನಿಲ್ಲಿಸುವವನು, ಎಳೆಯುವವನು ಈ ಮೂವರ ಕೈ ಒಂದೇ ಗಡಿಯಾರದ ಮುಳ್ಳುಗಳಂತೆ ನಡೆಯಬೇಕು. ಚೆಂಡು ನಿಂತ ಜಾಗದಲ್ಲಿ ಒಂದು ಗೇಣು ವ್ಯತ್ಯಾಸವಾದರೂ ಕೆಲಸ ಕೆಟ್ಟಿತು. ಇಂಥದ್ದು ಯಾರ ರಕ್ತದಲ್ಲೂ ಇರುವುದಿಲ್ಲ.

ಹುಟ್ಟುಬಲವೂ ಸುಳ್ಳಲ್ಲ. ಭಾರತದ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅಮೃತಸರ ಜಿಲ್ಲೆಯ ತಿಮ್ಮೋವಾಲ್ ಎಂಬ ಹಳ್ಳಿಯ ರೈತರ ಮಗ. ಚಿಕ್ಕಂದಿನಲ್ಲಿ ಟ್ರ್ಯಾಕ್ಟರಿನ ಬಿಗಿಯಾದ ಗೇರು ಎಳೆದೂ ಎಳೆದೂ ಮುಂಗೈ ಗಟ್ಟಿಯಾಯಿತು ಎಂದು ಅವರ ಬಗ್ಗೆ ಹೇಳುವುದುಂಟು. ಆ ಮುಂಗೈಯನ್ನು ಕಂಡು, ಈ ಹುಡುಗ ಡ್ರ್ಯಾಗ್ ಫ್ಲಿಕ್‌ಗೆ ಲಾಯಕ್ಕೆಂದು ತಿದ್ದಿದ್ದು ಜಲಂಧರದ ಸುರ್ಜಿತ್ ಅಕಾಡೆಮಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಹೊಡೆದ ಗೋಲು ಹತ್ತು. ಟ್ರ್ಯಾಕ್ಟರ್ ಓಡಿಸುವ ಹುಡುಗರು ಪಂಜಾಬಿನಲ್ಲೂ ಲಕ್ಷಾಂತರ, ಮಂಡ್ಯದಲ್ಲೂ ಬೇಕಾದಷ್ಟು.

ಕೋಚ್ ಬದಲಾದಾಗ ತಂಡ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಹಾಕಿ ಲೋಕದಲ್ಲಿ ಎಲ್ಲರೂ ಎತ್ತಿ ಹೇಳುವ ಉದಾಹರಣೆ ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್. ಮನುಷ್ಯ ವಿಚಿತ್ರ. ಓದಿದ್ದು ವೈದ್ಯಕೀಯ. ಪಶ್ಚಿಮ ಆಸ್ಟ್ರೇಲಿಯಾ ಪರ ಪ್ರಥಮ ದರ್ಜೆ ಕ್ರಿಕೆಟ್ ಆಡಿದರು. ಮಾಂಟ್ರಿಯಲ್‌ನಲ್ಲಿ ಭಾರತವನ್ನು 6–1ರಿಂದ ಸೋಲಿಸಿದ ಹಾಕಿ ತಂಡದ ಆಟಗಾರ. 1983ರಿಂದ ಹತ್ತು ವರ್ಷ ಪರ್ತ್ ಕ್ಷೇತ್ರದ ಸಂಸದ. ರಾಜಕೀಯ ಬಿಟ್ಟು 1993ರಲ್ಲಿ ಮಹಿಳಾ ತಂಡದ ಕೋಚ್ ಆದರು. ಆ ತಂಡ 1988ರಲ್ಲಿ ಸೋಲ್‌ನಲ್ಲಿ ಚಿನ್ನ ಗೆದ್ದು, 1992ರಲ್ಲಿ ಬಾರ್ಸಿಲೋನಾದಲ್ಲಿ ಐದನೆಯ ಸ್ಥಾನಕ್ಕೆ ಕುಸಿದಿತ್ತು. ಅಂದರೆ ಪ್ರತಿಭೆ ಇದ್ದೇ ಇತ್ತು. ಚಾರ್ಲ್ಸ್‌ವರ್ತ್ ಇದ್ದ ಅವಧಿಯಲ್ಲಿ ಅದೇ ತಂಡ 1994 ಮತ್ತು 1998ರ ವಿಶ್ವಕಪ್, 1996 ಮತ್ತು 2000ದ ಒಲಿಂಪಿಕ್ ಚಿನ್ನ, ನಾಲ್ಕನ್ನೂ ಗೆದ್ದಿತು. ಅವರು ಮಾಡಿದ ಒಂದು ಕೆಲಸ ಬಹಳ ಜನಕ್ಕೆ ಸರಿಬೀಳಲಿಲ್ಲ: ಒಬ್ಬಳೇ ನಾಯಕಿ ಎಂಬುದನ್ನು ತೆಗೆದುಹಾಕಿ, ಜವಾಬ್ದಾರಿಯನ್ನು ಹಲವರ ಹೆಗಲಿಗೆ ಹಂಚಿದರು. ಆಟಗಾರರನ್ನು ಎಷ್ಟು ಬಾರಿಯಾದರೂ ಹೊರಗೆ ಕರೆದು ಮತ್ತೆ ಕಳಿಸಬಹುದೆಂಬ ನಿಯಮ 1992ರಲ್ಲಿ ಬಂದಿತ್ತು. ಅದನ್ನು ಬೇರೆಯವರು ಗಾಯವಾದರೆ ಉಪಯೋಗಕ್ಕೆ ಎಂದು ನೋಡುತ್ತಿದ್ದಾಗ, ಈ ಡಾಕ್ಟರು ದಣಿವಿನ ಲೆಕ್ಕವಾಗಿ ನೋಡಿದರು. ಹೆಸರಾಂತ ಆಟಗಾರ್ತಿಯಾದರೂ ದಣಿದ ಮೇಲೆ ಮೈದಾನದಲ್ಲಿ ಉಳಿಸಿಕೊಳ್ಳುವುದು ಅವರಿಗೆ ಒಗ್ಗದ ಮಾತು. ಮುಂದೆ ಅವರ ಕೈಕೆಳಗೆ ಆಸ್ಟ್ರೇಲಿಯಾದ ಪುರುಷರೂ 2010 ಮತ್ತು 2014ರ ವಿಶ್ವಕಪ್ ಗೆದ್ದರು. ನಡುವೆ 2008ರಲ್ಲಿ ಭಾರತಕ್ಕೂ ಸಲಹೆಗಾರರಾಗಿ ಬಂದಿದ್ದರು. ಹೆಚ್ಚು ಕಾಲ ನಿಲ್ಲಲಿಲ್ಲ.

ನಿಲ್ಲದವರ ಪಟ್ಟಿ ಸಣ್ಣದಲ್ಲ. 2009ರಲ್ಲಿ ಸ್ಪೇನಿನ ಹೊಸೆ ಬ್ರಾಸಾ. 2011ರಲ್ಲಿ ಮೈಕೇಲ್ ನಾಬ್ಸ್. 2013ರಲ್ಲಿ ಟೆರಿ ವಾಲ್ಷ್. ಏಷ್ಯನ್ ಕ್ರೀಡಾಕೂಟದ ಚಿನ್ನ ಗೆಲ್ಲಿಸಿಕೊಟ್ಟು 2014ರಲ್ಲೇ ಹೊರಟರು. 2015ರಲ್ಲಿ ಪಾಲ್ ವ್ಯಾನ್ ಆಸ್, ಅದೇ ವರ್ಷ ರೋಲಂಟ್ ಓಲ್ಟ್‌ಮನ್ಸ್, 2017ರಲ್ಲಿ ಶೋರ್ಡ್ ಮರೈನ್, 2018ರಲ್ಲಿ ಹರೇಂದ್ರ ಸಿಂಗ್, 2019ರಲ್ಲಿ ಗ್ರಹಾಂ ರೀಡ್. ಹತ್ತು ವರ್ಷಕ್ಕೆ ಎಂಟು ಗುರುಗಳು. ಒಬ್ಬರು ಬೇರು ಇಳಿಯಿತೇ ಎಂದು ಕಾಯುವಷ್ಟರಲ್ಲಿ ಇನ್ನೊಬ್ಬರು ಬಂದು ಗಿಡ ಕಿತ್ತು ನೋಡುತ್ತಿದ್ದರು. ಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಒಂದೇ ವರ್ಷ ಮೂರು ಜನ ಗಣಿತದ ಮೇಷ್ಟರು ಬದಲಾದರೆ ಫಲಿತಾಂಶ ಏನಾಗುತ್ತದೆಂದು ಯಾವ ಪೋಷಕರಿಗೂ ಹೇಳಿಕೊಡಬೇಕಾಗಿಲ್ಲ. 'ಕೋಚ್ ಬಂದರೂ ಏನೂ ಆಗಲಿಲ್ಲ' ಎಂದು ಆಗ ಬರೆದವರು ಈ ಲೆಕ್ಕವನ್ನು ಬಿಟ್ಟು ಬರೆದರು.

ಇದೇ ಹೊತ್ತಿನಲ್ಲಿ ಬೆಲ್ಜಿಯಂ ಎಂಬ, ಕರ್ನಾಟಕದ ಐದನೆಯ ಒಂದು ಭಾಗದಷ್ಟು ಜನಸಂಖ್ಯೆಯ ದೇಶ ಮೇಲೆ ಬಂತು. 1920ರಲ್ಲಿ ತನ್ನದೇ ಊರಿನ ಒಲಿಂಪಿಕ್ಸ್‌ನಲ್ಲಿ ಗೆದ್ದ ಕಂಚು ಬಿಟ್ಟರೆ ಹೇಳಿಕೊಳ್ಳುವ ಹಾಕಿ ಪದಕ ಅದಕ್ಕಿರಲಿಲ್ಲ. ಕಿರಿಯರ ತರಬೇತಿಗೆ ದೀರ್ಘಕಾಲದ ಯೋಜನೆ ಹಾಕಿ, ವರ್ಷಗಟ್ಟಲೆ ಒಂದೇ ಗುಂಪನ್ನು ಒಟ್ಟಿಗೆ ಬೆಳೆಸಿತು. 2015ರಿಂದ ನ್ಯೂಜಿಲೆಂಡಿನ ಶೇನ್ ಮೆಕ್ಲಿಯಡ್ ಕೋಚ್. 2016ರಲ್ಲಿ ಒಲಿಂಪಿಕ್ ಬೆಳ್ಳಿ, 2018ರಲ್ಲಿ ಭುವನೇಶ್ವರದಲ್ಲೇ ವಿಶ್ವಕಪ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ. ಟೋಕಿಯೋ ಸೆಮಿಫೈನಲ್‌ನಲ್ಲಿ ಭಾರತವನ್ನು ಸೋಲಿಸಿದವರೂ ಅವರೇ.

ಆದರೆ ಟೋಕಿಯೋದಲ್ಲಿ ಭಾರತಕ್ಕೆ ಕಂಚು ಸಿಕ್ಕಿತು. 1–3ರಿಂದ ಹಿಂದಿದ್ದ ತಂಡ ಜರ್ಮನಿಯನ್ನು 5–4ರಿಂದ ಸೋಲಿಸಿದ ಆ ಬೆಳಗನ್ನು ನೋಡಿದವರು ಮರೆಯುವುದಿಲ್ಲ. ರೀಡ್ ಆಗ ಎರಡು ವರ್ಷಕ್ಕೂ ಮೇಲ್ಪಟ್ಟು ಒಂದೇ ಗುಂಪಿನ ಜೊತೆಗಿದ್ದರು. ಅದರಲ್ಲಿ ಬಹುಕಾಲ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ, ಕೊರೋನಾ ದಿಗ್ಬಂಧನದ ತಿಂಗಳುಗಳೂ ಸೇರಿ. 2018ರಿಂದ ಒಡಿಶಾ ಸರ್ಕಾರ ಖರ್ಚಿಗೆ ಹೆಗಲು ಕೊಟ್ಟಿತ್ತು. ಹಿಂದಿನ ಕೋಚ್ ಹರೇಂದ್ರ ಸಿಂಗ್ 2016ರಲ್ಲಿ ಲಖನೌದಲ್ಲಿ ಕಿರಿಯರ ವಿಶ್ವಕಪ್ ಗೆಲ್ಲಿಸಿದ್ದ ತಂಡದ ಹಲವು ಹುಡುಗರು ಈ ತಂಡದಲ್ಲಿದ್ದರು ಎಂಬುದನ್ನೂ ಮರೆಯಬಾರದು. ಒಬ್ಬ ಮೇಷ್ಟರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ಯುವುದು ಶಾಲೆಗಳಲ್ಲೂ ನಡೆಯುವ ಸಂಗತಿಯೇ.

ಮಹಿಳೆಯರ ಕಥೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. 2016ರ ರಿಯೋದಲ್ಲಿ ಅವರದು ಕೊನೆಯ ಸ್ಥಾನ. ಟೋಕಿಯೋದಲ್ಲಿ ಮೊದಲ ಮೂರು ಪಂದ್ಯಗಳೂ ಸೋಲು. ನೆದರ್‌ಲೆಂಡ್ಸ್ ಎದುರು 1–5. ಆಮೇಲೆ ಐರ್ಲೆಂಡ್, ದಕ್ಷಿಣ ಆಫ್ರಿಕಾ, ಕೊನೆಗೆ ಕ್ವಾರ್ಟರ್‌ಫೈನಲ್‌ನಲ್ಲಿ ಗುರ್ಜಿತ್ ಕೌರ್ ಹೊಡೆದ ಒಂದೇ ಗೋಲಿನಿಂದ ಆಸ್ಟ್ರೇಲಿಯಾ. ಕೊನೆಗೆ ನಾಲ್ಕನೆಯ ಸ್ಥಾನ. ನೆದರ್‌ಲೆಂಡ್ಸಿನ ಮರೈನ್ ಕೋಚ್, ದಕ್ಷಿಣ ಆಫ್ರಿಕಾದ ವೇಯ್ನ್ ಲೊಂಬಾರ್ಡ್ ವೈಜ್ಞಾನಿಕ ಸಲಹೆಗಾರ. ಊಟ, ನಿದ್ರೆ, ಓಟ ಎಲ್ಲಕ್ಕೂ ಲೆಕ್ಕವಿಟ್ಟ ಆ ವರ್ಷಗಳ ಫಲ ಕೊನೆಯ ಹದಿನೈದು ನಿಮಿಷದ ಓಟದಲ್ಲಿ ಕಾಣುತ್ತಿತ್ತು. ಆ ಗುರುಗಳು ಹೋದರು, ಮೂರು ವರ್ಷದೊಳಗೆ, 2024ರ ಜನವರಿಯಲ್ಲಿ, ರಾಂಚಿಯಲ್ಲಿ ಜಪಾನ್ ಎದುರು ಸೋತು ಅದೇ ತಂಡ ಪ್ಯಾರಿಸ್‌ಗೆ ಅರ್ಹತೆ ಕಳೆದುಕೊಂಡಿತು. ಕೋಚ್ ಬದಲಾದದ್ದೇ ಕಾರಣ ಎಂದು ಷರಾ ಬರೆಯುವುದು ಆತುರವಾದೀತು. ಆದರೆ ಗಳಿಸಿದ್ದು ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಇದು ಸಾಕು.

ಆ ಟೋಕಿಯೋ ತಂಡದಲ್ಲಿ ಇನ್ನೊಂದು ವಿಶೇಷವಿತ್ತು. ನಾಯಕಿ ರಾಣಿ ರಾಂಪಾಲ್, ನವನೀತ್ ಕೌರ್, ನವ್‌ಜೋತ್ ಕೌರ್ ಮೂವರೂ ಹರಿಯಾಣದ ಶಾಹಾಬಾದ್ ಮಾರ್ಕಂಡ ಎಂಬ ಒಂದೇ ಸಣ್ಣ ಊರಿನವರು. ಹುಟ್ಟುಪ್ರತಿಭೆ ಮಳೆಯ ಹಾಗೆ ದೇಶದ ಮೇಲೆಲ್ಲ ಬೀಳುತ್ತದೆಂದು ಇಟ್ಟುಕೊಂಡರೆ, ಒಂದೇ ಊರಿನಲ್ಲಿ ಇಷ್ಟು ನೀರು ನಿಲ್ಲಲು ಅಲ್ಲಿ ಯಾರೋ ಒಡ್ಡು ಕಟ್ಟಿರಬೇಕು. ಕಟ್ಟಿದವರು ಕೋಚ್ ಬಲದೇವ್ ಸಿಂಗ್. ರಾಣಿಯ ತಂದೆ ಗಾಡಿ ಎಳೆದು ಸಂಸಾರ ಸಾಗಿಸುತ್ತಿದ್ದವರು. ಅಭ್ಯಾಸಕ್ಕೆ ಬರುವ ಹುಡುಗಿಯರು ದಿನವೂ ಅರ್ಧ ಲೀಟರ್ ಹಾಲು ತರಬೇಕೆಂಬ ನಿಯಮ. ಮನೆಯಲ್ಲಿ ಕೊಳ್ಳಲು ಆಗುತ್ತಿದ್ದುದು 200 ಮಿಲಿಲೀಟರ್. ಉಳಿದದ್ದಕ್ಕೆ ನೀರು ಬೆರೆಸಿ ಒಯ್ಯುತ್ತಿದ್ದೆ ಎಂದು ರಾಣಿ ಮುಂದೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಗಡಿಯಾರವಿಲ್ಲದೆ, ತಾಯಿ ಆಕಾಶ ನೋಡುತ್ತ ಎಚ್ಚರವಿದ್ದು ಮಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಿದ್ದರು. ಕೋಚ್‌ನ ಪಾಲನ್ನು ಬರೆಯುವಾಗ ಈ ತಾಯಿಯ ಪಾಲನ್ನು ಯಾವ ಕಾಲಮ್ಮಿನಲ್ಲಿ ಹಾಕಬೇಕು?

ನಮ್ಮ ಕೊಡಗಿನಲ್ಲಿ ಇದಕ್ಕೆ ತಿರುಗುಮುರುಗಾದ ಸಮಸ್ಯೆ. ಪಂದಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಮನೆತನಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವ ಜಾಗ ಭೂಮಿಯ ಮೇಲೆ ಇನ್ನೆಲ್ಲಿದೆ? 2016ರ ರಿಯೋ ತಂಡದಲ್ಲಿ ರಘುನಾಥ್, ಉತ್ತಪ್ಪ, ಸುನಿಲ್, ನಿಕಿನ್ ತಿಮ್ಮಯ್ಯ ಹೀಗೆ ಕೊಡಗಿನ ನಾಲ್ವರಿದ್ದರು. ಟೋಕಿಯೋದಲ್ಲಿ ಕಂಚು ಗೆದ್ದ ಪುರುಷರ ತಂಡದಲ್ಲಿ ಕರ್ನಾಟಕದ ಒಬ್ಬರೂ ಇಲ್ಲ. ಪ್ಯಾರಿಸ್‌ನಲ್ಲೂ ಇಲ್ಲ. ಎರಡೂ ತಂಡಗಳು ಬೆವರು ಸುರಿಸಿದ್ದು ಬೆಂಗಳೂರಿನ ನೆಲದಲ್ಲಿ. ರಕ್ತ ಸಾಲದೆ ಹೀಗಾಯಿತೆಂದು 360 ಮನೆತನಗಳ ಎದುರು ನಿಂತು ಹೇಳುವ ಧೈರ್ಯ ಯಾರಿಗಿದೆ?

ಅಭ್ಯಾಸದ ಬಗ್ಗೆ ವಿಜ್ಞಾನಿಗಳ ನಡುವೆಯೂ ಜಗಳವಿದೆ. ಆಂಡರ್ಸ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಸಹೋದ್ಯೋಗಿಗಳೊಡನೆ 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅದರಿಂದಲೇ 'ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರಾದರೂ ನಿಪುಣರಾಗಬಹುದು' ಎಂಬ ಮಾತು ಜನಪ್ರಿಯ ಪುಸ್ತಕಗಳ ಮೂಲಕ ಹಬ್ಬಿತು. ಎರಿಕ್‌ಸನ್ನರೇ ಇದನ್ನು ಒಪ್ಪಲಿಲ್ಲ. ಗಂಟೆಗಳ ಎಣಿಕೆಗಿಂತ, ಬಲ್ಲವರೊಬ್ಬರು ತಪ್ಪು ತೋರಿಸಿ ತಿದ್ದಿಸುವ ಅಭ್ಯಾಸವೇ ಮುಖ್ಯ ಎಂಬುದು ಅವರ ವಾದ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ, ಕ್ರೀಡೆಯಲ್ಲಿ ಆಟಗಾರರ ನಡುವಿನ ವ್ಯತ್ಯಾಸದಲ್ಲಿ ಇಂಥ ಅಭ್ಯಾಸದ ಪಾಲು ಶೇಕಡಾ 18 ಎಂದರು. ಉಳಿದದ್ದೆಲ್ಲ ಹುಟ್ಟುಬಲವೆಂದು ಇದರ ಅರ್ಥವಲ್ಲ. ವಯಸ್ಸು, ಆರೋಗ್ಯ, ಅವಕಾಶ, ಆತ್ಮವಿಶ್ವಾಸ, ಊರಿನಲ್ಲಿ ಮೈದಾನವಿತ್ತೇ ಇಲ್ಲವೇ ಎಲ್ಲವೂ ಆ ಉಳಿದದ್ದರಲ್ಲಿ ಸೇರಿವೆ.

ಮಗನನ್ನೋ ಮಗಳನ್ನೋ ಹಾಕಿಗೆ ಸೇರಿಸಿದ ಪೋಷಕರು ಒಂದು ಸಂಜೆ ಮೈದಾನದ ಅಂಚಿನಲ್ಲಿ ನಿಂತು ಒಂದು ಭಾಗಾಕಾರ ಮಾಡಿ ನೋಡಬಹುದು. 22 ಮಕ್ಕಳು, ಒಂದು ಚೆಂಡು, 60 ನಿಮಿಷ. ಚೆಂಡು ಒಂದು ಕ್ಷಣವೂ ಸುಮ್ಮನಿರದೆ ಎಲ್ಲರಿಗೂ ಸಮನಾಗಿ ಸಿಕ್ಕಿತೆಂದುಕೊಂಡರೂ ಒಬ್ಬೊಬ್ಬರ ಪಾಲಿಗೆ ಮೂರು ನಿಮಿಷವೂ ಇಲ್ಲ. ಐದೈದು ಮಕ್ಕಳ ಗುಂಪಿಗೆ ಒಂದೊಂದು ಚೆಂಡು ಕೊಟ್ಟರೆ ಅದು ಹನ್ನೆರಡು ನಿಮಿಷ. ಬಲ್ಲ ಕೋಚ್ ಚಿಕ್ಕ ಮಕ್ಕಳನ್ನು ಆಡಿಸುವುದು ಹೀಗೆ. ಹನ್ನೊಂದು ವರ್ಷದ ಹುಡುಗನನ್ನು 'ನೀನು ಬ್ಯಾಕ್' ಎಂದು ಒಂದೇ ಜಾಗಕ್ಕೆ ನೆಟ್ಟುಬಿಡುವುದಿಲ್ಲ. ಕುಳ್ಳಗಿದ್ದಾನೆಂದು ತಂಡದಿಂದ ಕಿತ್ತುಹಾಕುವುದೂ ಇಲ್ಲ, ಏಕೆಂದರೆ ಮುಂದಿನ ವರ್ಷ ಅವನೇ ಉದ್ದವಾದಾನು. ಅಂಚಿನಲ್ಲಿ ನಿಂತು 'ಹೊಡಿ, ಹೊಡಿ' ಎಂದು ಕಿರುಚುವ ತಂದೆ ಮಾತ್ರ, ಒಬ್ಬ ಹುಡುಗನಿಗೆ ಇಬ್ಬರು ಕೋಚ್‌ಗಳನ್ನು ದಯಪಾಲಿಸಿ ಇಬ್ಬರ ಕೆಲಸವನ್ನೂ ಕೆಡಿಸುತ್ತಾನೆ.

ಪ್ಯಾರಿಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ಎದುರು 17ನೆಯ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು ಸಿಕ್ಕಿತು. ನಲವತ್ತಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರಿಂದ ಆಡಿತು. ಆಗ ಕೋಚ್ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್. ಬೆಲ್ಜಿಯಂ ಚಿನ್ನ ಗೆದ್ದಾಗ ಸಹಾಯಕ ಕೋಚ್ ಆಗಿದ್ದವರು, ರಕ್ಷಣೆಯಿಂದಲೇ ಗೆಲುವು ಎಂದು ನಂಬಿದವರು. ಹತ್ತು ಜನ ಎಲ್ಲಿ ನಿಲ್ಲಬೇಕು, ಯಾರ ಜಾಗವನ್ನು ಯಾರು ತುಂಬಬೇಕು ಎಂಬ ಗೊಂದಲ ಆ ದಿನ ಕಾಣಲಿಲ್ಲ. 1–1ರ ಸಮ, ಶೂಟೌಟ್‌ನಲ್ಲಿ 4–2ರ ಗೆಲುವು. ರೋಹಿದಾಸ್ ಇಲ್ಲದೆ ಆಡಿದ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2–3ರ ಸೋಲು. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲುಗೆರೆಯಿಂದ ಮೊದಲು ಓಡುವವರು ಅವರೇ ಆಗಿದ್ದರು. ಒಬ್ಬ ಮನುಷ್ಯನ ಬೆಲೆಯನ್ನು ಯಾವ ಯೋಜನೆಯೂ ಪೂರ್ತಿ ತುಂಬಿಕೊಡುವುದಿಲ್ಲ ಎಂಬುದನ್ನೂ ಅದೇ ವಾರ ತೋರಿಸಿತು.

ಆ ಶೂಟೌಟ್‌ನಲ್ಲಿ ಗೋಲಿನ ಮುಂದೆ ನಿಂತಿದ್ದವರು ಪಿ.ಆರ್. ಶ್ರೀಜೇಶ್. ಕೇರಳದ ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂನ ರೈತರ ಮಗ. ಹನ್ನೆರಡನೆಯ ವಯಸ್ಸಿಗೆ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆಗೆ ಸೇರಿದಾಗ ಅವರು ಹಾಕಿ ಆಟಗಾರರೇ ಅಲ್ಲ. ಓಟ, ಉದ್ದಜಿಗಿತ, ವಾಲಿಬಾಲ್ ಎಂದು ಒಂದೊಂದನ್ನೇ ಮುಟ್ಟಿ ಬಿಟ್ಟವರು. ಗೋಲ್‌ಕೀಪಿಂಗ್ ಮಾಡೆಂದು ಹೇಳಿದ್ದು ಅಲ್ಲಿನ ಕೋಚ್. ಪರೀಕ್ಷೆಯಲ್ಲಿ ಕ್ರೀಡಾಪಟುಗಳಿಗೆ ಸಿಗುವ ಕೃಪಾಂಕದ ಆಸೆಯೂ ತನಗಿತ್ತೆಂದು ಶ್ರೀಜೇಶ್ ನಗುತ್ತ ಒಪ್ಪಿಕೊಂಡಿದ್ದಾರೆ. ಕಾಲಿಗೆ ಕಟ್ಟುವ ಪ್ಯಾಡು ಕೊಳ್ಳಲು ತಂದೆ ಹಸುವನ್ನು ಮಾರಿದರು. 2024ರ ಆಗಸ್ಟ್ 8ರಂದು ಸ್ಪೇನ್ ಎದುರು 2–1ರಿಂದ ಕಂಚು ಗೆದ್ದ ಪಂದ್ಯ ಮುಗಿದೊಡನೆ ಶ್ರೀಜೇಶ್ ನಿವೃತ್ತರಾದರು. ಅದೇ ತಿಂಗಳು ಅವರಿಗೆ ದೇಶದ ಕಿರಿಯರ ತಂಡದ ಕೋಚ್ ಕೆಲಸ ಸಿಕ್ಕಿತು. ವರ್ಷ ಮುಗಿಯುವ ಮೊದಲೇ ಆ ಹುಡುಗರು ಮಸ್ಕತ್‌ನಲ್ಲಿ ಪಾಕಿಸ್ತಾನವನ್ನು 5–3ರಿಂದ ಸೋಲಿಸಿ ಕಿರಿಯರ ಏಷ್ಯಾ ಕಪ್ ಗೆದ್ದು ತಂದರು. ಅಷ್ಟು ವರ್ಷ ಗೋಲಿನ ಮುಂದೆ ಕೂಗಿ ಕೂಗಿ ತಂಡ ನಡೆಸಿದ್ದ ಮನುಷ್ಯ ಈಗ ಗೆರೆಯ ಆಚೆ.